ಐದು ವರ್ಷದ ಓದಿಗೆ ಎಷ್ಟು ತೂಕ

ಇನ್ನೊಬ್ಬರ ಓದನ್ನು ತೂಗುತ್ತ ಕೂತವರಿಗೆ ತಾವೇ ವಿದ್ವಾಂಸರೆಂಬ ಭ್ರಮೆ ಬಹುಬೇಗ ಹತ್ತುತ್ತದೆ. ನನಗಂತೂ ಹತ್ತಿತ್ತು. ಹೊರದೇಶದ ಪದವಿ ಅಮೆರಿಕದ ಯಾವ ಪದವಿಗೆ ಸಮ ಎಂದು ಬರೆದುಕೊಡುವ, ಸ್ಯಾನ್ ಹೊಸೆಯ ಒಂದು ಪುಟ್ಟ ಆಫೀಸಿನಲ್ಲಿ ನನ್ನ ಕೆಲಸ. ಹುಣಸೆಹಣ್ಣನ್ನು ಕೈಯಲ್ಲೇ ತೂಗಿ ಹೇಳುವ ಅಂಗಡಿಯವರ ಹಾಗೆ, ಅಂಕಪಟ್ಟಿ ಮುಟ್ಟಿದ ಕೂಡಲೇ ‘ಇದು ಬ್ಯಾಚುಲರ್ಸು, ಇದು ಮಾಸ್ಟರ್ಸು’ ಎಂದುಬಿಡುವವಳು ನಾನು.

ಹಾಗೆ ಬರೆದುಕೊಟ್ಟ ವರದಿಯೊಂದನ್ನು ಹಿಡಿದು ಮೊನ್ನೆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಒಬ್ಬ ಹೆಂಗಸು ನನ್ನ ಮೇಜಿನೆದುರು ನಿಂತರು. ಜಾರ್ಜಿಯಾದವರು; ಅಮೆರಿಕದ ಜಾರ್ಜಿಯಾ ಅಲ್ಲ, ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದದ್ದು. ಹೆಸರು ನೀನೋ. ಐವತ್ತು ದಾಟಿದವರನ್ನು ಹಾಗೆ ಕರೆಯಲು ನಾಲಿಗೆ ಏಳದೆ ‘ಮೇಡಂ’ ಎಂದೆ. ಇಲ್ಲಿನ ಕಾಲೇಜೊಂದರಲ್ಲಿ ಅವರಿಗೆ ಕೆಮಿಸ್ಟ್ರಿ ಕಲಿಸುವ ಕೆಲಸ ಸಿಕ್ಕುವುದರಲ್ಲಿತ್ತು. ಮಾಸ್ಟರ್ಸ್ ಇದೆಯೆಂಬ ಪತ್ರ ಅಂದು ಸಂಜೆ ಐದರೊಳಗೆ ತಲುಪಬೇಕು. ನಾನು ಬರೆದಿದ್ದದ್ದು ಬ್ಯಾಚುಲರ್ಸ್.

“ನನ್ನ ತಂಗಿಗೆ ಹೋದ ವರ್ಷ ನೀವೇ ಮಾಸ್ಟರ್ಸ್ ಅಂತ ಕೊಟ್ಟಿರಿ. ಅದೇ ಯೂನಿವರ್ಸಿಟಿ, ಅದೇ ಲ್ಯಾಬು. ಅವಳಿಗೆ ಅಲ್ಲಿ ಪಾಠ ಹೇಳಿದವಳೇ ನಾನು!”

ತಂಗಿಯ ಫೈಲು ತೆಗೆದು ಪಕ್ಕದಲ್ಲಿಟ್ಟೆ. ಕಮ್ಯುನಿಸಂ ಹೋದ ಮೇಲೆ ಆ ದೇಶಗಳು, ಯೂರೋಪಿನವರೆಲ್ಲರ ಅಳತೆ ಒಂದೇ ಆಗಲೆಂದು, ಐದು ವರ್ಷದ ಹಳೆಯ ಡಿಪ್ಲೊಮಾವನ್ನು ಬ್ಯಾಚುಲರ್ಸ್, ಮಾಸ್ಟರ್ಸ್ ಎಂದು ಎರಡು ಮಾಡಿ ಓದನ್ನು ಕ್ರೆಡಿಟ್ಟುಗಳಲ್ಲಿ ಎಣಿಸತೊಡಗಿದವು. ತಂಗಿ ಓದಿದ್ದು ಆಮೇಲೆ, ಅಕ್ಕ ಓದಿದ್ದು ಮೊದಲು. ಅಕ್ಕನ ಪಟ್ಟಿಯಲ್ಲಿ ಕ್ರೆಡಿಟ್ಟೇ ಇಲ್ಲವೆಂದು ನಾನು ಅವರನ್ನು ಒಂದು ಮೆಟ್ಟಿಲು ಕೆಳಗಿಳಿಸಿದ್ದೆ.

ನಮ್ಮ ಮೇಲಧಿಕಾರಿ ಶೆಣೈಯವರು ಉಡುಪಿ ಕಡೆಯವರು. ಓಡಿಹೋಗಿ ಹೇಳಿದೆ.

“ಸೈನ್ ಆದ ರಿಪೋರ್ಟನ್ನು ಸುಮ್ಮನೆ ಬದಲಾಯಿಸ್ಲಿಕ್ಕೆ ಆಗ್ತದಾ ಮಾರಾಯ್ರೆ? ಆಧಾರ ಎಂತ ಉಂಟು?”

“ತಪ್ಪು ನಂದೇ ಸರ್. ಅರ್ಧ ಗಂಟೆ ಟೈಮು ಕೊಡಿ, ಹುಡುಕ್ತೀನಿ.”

ಹಳೆಯ ಪಟ್ಟಿಯಲ್ಲಿ ಕ್ರೆಡಿಟ್ ಇರಲಿಲ್ಲ, ಪಾಠದ ಗಂಟೆಗಳಿದ್ದವು. ನಾನೂ ನೀನೋ ಅವರೂ ಕೂತು ಅವನ್ನು ಕೂಡಿಸಿದೆವು. ‘ವೈಜ್ಞಾನಿಕ ಕಮ್ಯುನಿಸಂ’ ಎಂಬ ಸೋವಿಯತ್ ಕಾಲದ ಕಡ್ಡಾಯ ಪಾಠ ಬಂದಾಗ ನೀನೋ ನನ್ನ ಪೆನ್ನು ತಡೆದರು. “ಅದನ್ನು ಬಿಡಿ. ಆ ಕ್ಲಾಸಿನಲ್ಲಿ ನಾನು ನಿದ್ದೆ ಮಾಡಿದ್ದೇ ಹೆಚ್ಚು.” ಕೆಲಸ ಕೈತಪ್ಪುವ ಹೊತ್ತಿನಲ್ಲೂ ಇಷ್ಟು ಪ್ರಾಮಾಣಿಕತೆ! ಬಿಟ್ಟೆವು. ಮಾಸ್ಟರ್ಸಿಗೆ ಮೊತ್ತ ಸಾಲಲಿಲ್ಲ. ಗಂಟೆ ನಾಲ್ಕು ಇಪ್ಪತ್ತು. ಅವರು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದರು.

ಸುಧಾರಣೆ ಮಾಡಿದವರು ಹಳಬರನ್ನು ಏನು ಮಾಡಿದರು ಎಂಬ ಪ್ರಶ್ನೆ ನನಗೆ ಹೊಳೆದದ್ದು ಆಗ. ಅವರ ಸರ್ಕಾರದ ಶಿಕ್ಷಣ ನಿಯಮಗಳನ್ನು ಕಂಪ್ಯೂಟರಿನಲ್ಲಿ ತೆರೆದೆ. ಅಕ್ಷರಗಳು ಕನ್ನಡದವುಗಳಂತೆಯೇ ಗುಂಡಗೆ, ಒಂದೂ ಓದಲು ಬರಲಿಲ್ಲ. ನೀನೋ ಕನ್ನಡಕ ಏರಿಸಿ ಓದುತ್ತ ಹೋದವರು ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತರು: ಹಳೆಯ ಐದು ವರ್ಷದ ಡಿಪ್ಲೊಮಾ ಹೊಸ ಮಾಸ್ಟರ್ಸಿಗೆ ಸಮ. ಇಂಗ್ಲಿಷ್ ಪ್ರತಿಯೂ ಕೆಳಗೇ ಇತ್ತು. ಇಷ್ಟು ವರ್ಷ ನಾನು ಅದನ್ನು ತೆರೆದೇ ಇರಲಿಲ್ಲ.

ಶೆಣೈಯವರು ಅದನ್ನು ಎರಡು ಸಲ ಓದಿ, ತಿದ್ದಿದ ವರದಿಗೆ ಸಹಿ ಹಾಕಿದರು. ಐದಕ್ಕೆ ಎಂಟು ನಿಮಿಷವಿರುವಾಗ ‘ತಲುಪಿತು’ ಎಂದು ಕಾಲೇಜಿನಿಂದ ಉತ್ತರ ಬಂತು. ನೀನೋ ನನ್ನನ್ನು ಅಪ್ಪಿಕೊಂಡು ಅತ್ತೇಬಿಟ್ಟರು. ಕಣ್ಣೊರೆಸಿಕೊಂಡು ವಿಶ್ವಾಸದಿಂದ ಕೇಳಿದರು: “ನೀವು ಎಷ್ಟು ವರ್ಷ ಓದಿದ್ದು?”

“ಮೂರು. ಹಾಸನದಲ್ಲಿ ಬಿ.ಎಸ್ಸಿ.”

ಶೆಣೈಯವರ ತಲೆ ನಿಧಾನವಾಗಿ ನನ್ನತ್ತ ತಿರುಗಿತು. “ಮೂರೇ ವರ್ಷವಾ? ನಾಲ್ಕು ವರ್ಷ ಬೇಕೆನ್ನುವ ನಮ್ಮ ಬುಕ್ಕಿನ ಪ್ರಕಾರ ಅದು ಬ್ಯಾಚುಲರ್ಸೂ ಆಗೋದಿಲ್ಲ ಅಲ್ವಾ? ನಿಮ್ಮದನ್ನು ಯಾರು ತೂಗಿದ್ದು?”

ನಾನು ನೀನೋ ಅವರನ್ನು ಲಿಫ್ಟಿನವರೆಗೆ ಬಿಟ್ಟುಬರುತ್ತೇನೆಂದು ಎದ್ದೆ. ಲಿಫ್ಟು ಬಂದಾಗ ಅವರಿಗಿಂತ ಮೊದಲು ಹತ್ತಿದವಳು ನಾನೇ.