ತಿಕ್ಕಿ ತೊಳೆದ ಸಾಕ್ಷ್ಯ

ನಿರ್ದೇಶಕ: ಹೊಗಳ್ತೀಯ ಅಂದ್ಕೊಂಡಿದ್ದೆ ಕಣೇ ನಾನು.

ಸಂಯೋಜಕಿ: ಯಾರು ಹೇಳಿದ್ರು ನಿಮಗೆ ಇದನ್ನ ತಿಕ್ಕೋಕೆ?

ನಿರ್ದೇಶಕ: ಯಾರೂ ಹೇಳ್ಲಿಲ್ಲ. ನಾನಾಗೇ ತಿಕ್ಕಿದೆ. ಹೇಳಿಸ್ಕೊಳ್ಳದೇ ಒಂದು ಕೆಲಸ ಮಾಡಿ ಅಂತ ನೀನೇ ತಾನೆ ಹೇಳೋದು?

ಸಂಯೋಜಕಿ: ಮದುವೆಯಾದಾಗಿಂದ ಹೇಳ್ತಿದೀನಿ. ಅಷ್ಟು ದಿನ ಕಿವಿಗೆ ಬೀಳದೇ ಇದ್ದಿದ್ದು ಇವತ್ತೇ ಯಾಕೆ ಬಿತ್ತು?

ಅಡುಗೆಮನೆಯ ಕಟ್ಟೆಯ ಮೇಲೆ ಹಾಲಿನ ಪಾತ್ರೆ ಫಳಫಳ ಹೊಳೆಯುತ್ತಿತ್ತು. ಇತಿಹಾಸ ಕಲಿಸುವ ಮೇಷ್ಟ್ರು, ಮೇಡಂಗಳಿಗೆ ವರ್ಷಕ್ಕೊಮ್ಮೆ ತರಬೇತಿ ಶಿಬಿರ ನಡೆಸುವವರು ಈ ಗಂಡ ಹೆಂಡತಿ. ಆಹ್ವಾನಪತ್ರಿಕೆಯಲ್ಲಿ ಅವನು ನಿರ್ದೇಶಕ, ಅವಳು ಸಂಯೋಜಕಿ. ಪಾಠಗಳನ್ನೆಲ್ಲ ಅವಳು ಬರೆಯುತ್ತಾಳೆ, ಅವನು ವೇದಿಕೆ ಹತ್ತಿ ಹೇಳುತ್ತಾನೆ. ಈ ಸಲ ಮಾತ್ರ ಅವಳು ಹಟ ಹಿಡಿದು ಒಂದು ತರಗತಿಯನ್ನು ತಾನೇ ನಡೆಸುತ್ತೇನೆಂದು ಒಪ್ಪಿಸಿದ್ದಳು. ವಿಷಯ: ಮನೆಗೆಲಸದ ಇತಿಹಾಸ. ಅದು ನಾಳೆ ಬೆಳಿಗ್ಗೆ. ಅದಕ್ಕಿದ್ದ ಒಂದೇ ಒಂದು ಸಾಕ್ಷ್ಯ ಈ ಪಾತ್ರೆ. ಅಂದರೆ, ಮಧ್ಯಾಹ್ನದವರೆಗೂ ಅದರ ತಳದಲ್ಲಿದ್ದ ಕರಕಲು.

ನಿರ್ದೇಶಕ: ಅಷ್ಟು ಜನದ ಮುಂದೆ ಸೀದ ಪಾತ್ರೆ ಇಟ್ರೆ ನಮ್ಮನೆ ಮರ್ಯಾದೆ ಏನಾಗ್ಬೇಕು? ತೋಳು ಬಿದ್ದು ಹೋಯ್ತು ನನಗೆ, ತಿಕ್ಕಿ ತಿಕ್ಕಿ.

ಸಂಯೋಜಕಿ: ರೀ, ಆ ಕರಕಲೇ ಪಾಠ. ಹಾಲು ಒಲೆ ಮೇಲಿತ್ತು. ಬಾಗಿಲು ಬಡಿದ್ರು, ಹೋದೆ. ಅತ್ತೆ ಕನ್ನಡಕ ಎಲ್ಲಿ ಅಂದ್ರು, ಹುಡುಕಿದೆ. ಯಾರೋ ಮೇಷ್ಟ್ರು ಫೋನ್ ಮಾಡಿ ಶಿಬಿರಕ್ಕೆ ಬಂದ್ರೆ ಪ್ರಮಾಣಪತ್ರ ಕೊಡ್ತೀರಾ ಅಂದ್ರು, ಕೊಡ್ತೀವಿ ಅಂದೆ. ನೀವು ಬಚ್ಚಲಿಂದ ಟವೆಲ್ ಅಂತ ಕೂಗಿದ್ರಿ, ಕೊಟ್ಟೆ. ಬಂದು ನೋಡಿದ್ರೆ ತಳ ಹಿಡಿದಿತ್ತು. ಇದು ಯಾವ ಪುಸ್ತಕದಲ್ಲೂ ಇಲ್ಲ, ಪಾತ್ರೆಯ ತಳದಲ್ಲಿತ್ತು.

ನಿರ್ದೇಶಕ: ಫೋಟೋ ತೆಗೆದಿಟ್ಟಿರ್ತೀಯಲ್ಲ?

ಸಂಯೋಜಕಿ: ಫೋಟೋ ತೆಗೆಯೋಷ್ಟು ಪುರುಸೊತ್ತಿದ್ದಿದ್ರೆ ಹಾಲು ಯಾಕೆ ಸೀಯ್ತಿತ್ತು?

ಅವನು ಪಾತ್ರೆಯಲ್ಲಿ ತನ್ನ ಮುಖ ನೋಡಿಕೊಂಡ. ಚೆನ್ನಾಗಿಯೇ ಕಾಣುತ್ತಿತ್ತು.

ನಿರ್ದೇಶಕ: ಹೋಗ್ಲಿ ಬಿಡು, ತಲೆ ಕೆಡಿಸ್ಕೋಬೇಡ. ನಾಳೆ ಆ ಹೊತ್ತಿಗೆ ನಾನೇ ಒಂದು ಭಾಷಣ ಮಾಡಿಬಿಡ್ತೀನಿ.

ಸಂಯೋಜಕಿ: ಸಾಕ್ಷ್ಯ ಅಳಿಸಿದೋರಿಗೆ ಜಾಗ ಬಿಟ್ಟುಕೊಡ್ಬೇಕಾ?

ನಿರ್ದೇಶಕ: ಹಾಗಾದ್ರೆ ಒಂದು ಕೆಲಸ ಮಾಡೋಣ. ಈಗ್ಲೇ ಹಾಲಿಟ್ಟು ಸೀಯಿಸಿಬಿಡೋಣ. ಇಬ್ಬರೂ ನಿಂತು ನೋಡ್ತಾ ಇರೋಣ.

ಸಂಯೋಜಕಿ: ಶಿಬಿರದ ಮೊದಲನೇ ದಿನ ಮೇಷ್ಟ್ರುಗಳಿಗೆ ಏನು ಹೇಳ್ತೀರಿ ನೀವು?

ನಿರ್ದೇಶಕ: ಸಾಕ್ಷ್ಯವನ್ನು ಸೃಷ್ಟಿಸಬಾರದು, ತಿದ್ದಬಾರದು, ಒರೆಸಬಾರದು.

ಸಂಯೋಜಕಿ: ಅದನ್ನ ಬರೆದಿದ್ದು ಯಾರು?

ನಿರ್ದೇಶಕ: ನೀನು.

ಸಂಯೋಜಕಿ: ಓದಿದ್ದು?

ನಿರ್ದೇಶಕ: ನಾನು.

ಸಂಯೋಜಕಿ: ಓದುವಾಗ ನಿಮಗೆ ಕೇಳಿಸ್ಲಿಲ್ವಾ?

ಹಾಲ್‌ನಿಂದ ಅತ್ತೆಯ ದನಿ ಬಂತು: “ಏನೇ ಅದು ಗಲಾಟೆ? ಪಾತ್ರೆ ತೊಳೆದ ಅಂತ ಮಗನನ್ನ ಬೈತಿದೀಯಾ? ನಮ್ಮ ಕಾಲದಲ್ಲಿ ಹಿಂಗೊಬ್ಬ ಗಂಡ ಸಿಕ್ಕಿದ್ರೆ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ವಿ.”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಪಾತ್ರೆಗೆ ಹಾಲು ಸುರಿದು, ಒಲೆಯ ಮೇಲಿಟ್ಟು, ಸೌಟನ್ನು ಅವನ ಕೈಗೆ ಕೊಟ್ಟಳು.

ಸಂಯೋಜಕಿ: ಬೇಕಂತ ಸೀಯಿಸೋದು ಮೋಸ. ತಾನಾಗೇ ಸೀದ್ರೆ ಮೋಸ ಅಲ್ಲ. ಹಾಲು ಕಾಯೋತನಕ ನಾನು ಹಾಲ್‌ನಲ್ಲಿ ಕೂತು ನಾಳೆಯ ಪಾಠ ನೋಡ್ಕೋತೀನಿ, ಮನೆ ನೀವು ನೋಡ್ಕೊಳ್ಳಿ. ಬಾಗಿಲು, ಫೋನು, ಅತ್ತೆ, ಎಲ್ಲ ನಿಮ್ಮದೇ.

ನಿರ್ದೇಶಕ: ಇಷ್ಟೇನಾ?

ಸಂಯೋಜಕಿ: ಇಷ್ಟೇ. ಸೀಯೋದು ಗ್ಯಾರಂಟಿ.

ಅವಳು ಹೋಗಿ ಕುರ್ಚಿಯಲ್ಲಿ ಕಾಲು ನೀಡಿ ಕೂತಳು. ಆ ಕುರ್ಚಿ ಅಷ್ಟು ಮೆತ್ತಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಹಾಳೆ ಬಿಡಿಸುವಷ್ಟರಲ್ಲಿ ಯಾರೋ ಬಾಗಿಲು ಬಡಿದರು.

ಅತ್ತೆ: ಇರು ಪುಟ್ಟಾ, ನೀನು ಒಲೆ ಬಿಟ್ಟು ಬರ್ಬೇಡ! ನಾನು ನೋಡ್ತೀನಿ.

ಮಂಡಿನೋವೆಂದು ಮೂರು ತಿಂಗಳಿನಿಂದ ಬಾಗಿಲಿನ ತನಕವೂ ಹೋಗದಿದ್ದ ಅತ್ತೆ ಎದ್ದು, ನಡೆದು, ಬಾಗಿಲು ತೆಗೆದು, ಬಂದವರಿಗೆ ಹೇಳಿದರು: “ಆಮೇಲೆ ಬನ್ನಿ. ನಮ್ಮ ಹುಡುಗ ಅಡುಗೆಮನೆಯಲ್ಲಿದ್ದಾನೆ.”

ಸಂಯೋಜಕಿ: ಅತ್ತೆ, ನಿಮ್ಮ ಕನ್ನಡಕ?

ಅತ್ತೆ: ಹಣೆ ಮೇಲೇ ಇದೆಯಲ್ಲೇ.

ಸಂಯೋಜಕಿ: ಅಲ್ಲ, ಎಲ್ಲಿದೆ ಅಂತ ಅವರನ್ನ ಕೂಗಿ ಕೇಳ್ಬೇಕು ಅನ್ನಿಸ್ತಿಲ್ವಾ?

ಅತ್ತೆ: ಕೆಲಸ ಮಾಡೋನನ್ನ ಯಾಕೆ ಕರೀಲಿ? ಕೈ ಸುಟ್ಕೊಂಡ್ರೆ?

ಫೋನು ಬಡಿದುಕೊಂಡಿತು. ಅವಳು ಕದಲಲಿಲ್ಲ. ಒಳಗಿನಿಂದಲೂ ಯಾರೂ ಬರಲಿಲ್ಲ.

ಅತ್ತೆ: ತಗೋಬಾರ್ದಾ? ಪಾಪ, ಅವನು ಒಬ್ಬನೇ ಎಷ್ಟೂಂತ ಮಾಡ್ತಾನೆ!

ಎದ್ದು ಫೋನು ತೆಗೆದವಳು ಅವಳೇ. ಅತ್ತ ಕಡೆ ಒಬ್ಬ ಮೇಷ್ಟ್ರು. ನಿರ್ದೇಶಕರು ಬೇಕು ಅಂದರು. ಅವರು ಹಾಲು ಕಾಯಿಸುತ್ತಿದ್ದಾರೆ ಅಂದಳು. “ಅಯ್ಯೋ, ತೊಂದರೆ ಕೊಡಬೇಡಿ ಮೇಡಂ,” ಎಂದು ಅವರು ಗದ್ಗದಿತರಾಗಿ ಇಟ್ಟುಬಿಟ್ಟರು. ಆದರೂ ಇಡುವ ಮುಂಚೆ ಪ್ರಮಾಣಪತ್ರದ ವಿಷಯ ಅವಳನ್ನೇ ಕೇಳಿದರು.

ಅಷ್ಟರಲ್ಲಿ ಅವನು ಪಾತ್ರೆ ಹಿಡಿದು ಗೆದ್ದು ಬಂದವನಂತೆ ಹೊರಗೆ ಬಂದ. ಹಾಲು ಹದವಾಗಿ ಕಾಯ್ದು, ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು. ತಳದಲ್ಲಿ ಒಂದು ಚುಕ್ಕೆ ಕರಿಯಿಲ್ಲ.

ನಿರ್ದೇಶಕ: ನೋಡು! ಎಷ್ಟು ಸುಲಭ! ಗಮನ ಇಟ್ಟು ಮಾಡಿದ್ರೆ ಹಾಲು ಯಾಕೆ ಸೀಯುತ್ತೆ ಹೇಳು?

ಅತ್ತೆ: ಕೈಗುಣ ಅಂದ್ರೆ ಇದು.

ಸಂಯೋಜಕಿಗೆ ಮೊದಲು ಸಿಟ್ಟು ಬಂತು. ಆಮೇಲೆ ಪೆನ್ನು ಕೈಗೆ ಬಂತು. ಹಳೆಯ ಪಾಠದ ತಲೆಬರಹಕ್ಕೆ ಅಡ್ಡ ಗೀಟೆಳೆದು, ಕೆಳಗೆ ಬರೆದಳು: ‘ಈ ಹಾಲು ಯಾಕೆ ಸೀಯಲಿಲ್ಲ?’

ನಿರ್ದೇಶಕ: ಸೀಯದೇ ಇದ್ರೂ ಪಾಠ ಆಗುತ್ತಾ?

ಸಂಯೋಜಕಿ: ಇನ್ನೂ ಚೆನ್ನಾಗಾಗುತ್ತೆ. ಒಂದೇ ಪಾತ್ರೆ, ಒಂದೇ ಒಲೆ, ಒಂದೇ ಮನೆ. ನಾನು ನಿಂತಾಗ ಸೀಯ್ತು, ನೀವು ನಿಂತಾಗ ಸೀಯ್ಲಿಲ್ಲ. ಯಾಕೆ ಅಂತ ಮೇಷ್ಟ್ರುಗಳೇ ಕಂಡು ಹಿಡೀಲಿ. ನೀವು ಮೊದಲನೇ ಸಾಲಲ್ಲಿ ಕೂತು, ಅವರು ಕೇಳಿದ್ದಕ್ಕೆ ಉತ್ತರ ಹೇಳಿ.

ನಿರ್ದೇಶಕ: ನಾನು ಶಿಬಿರದ ನಿರ್ದೇಶಕ ಕಣೇ!

ಸಂಯೋಜಕಿ: ನಾಳೆ ಬೆಳಿಗ್ಗೆ ನೀವು ಸಾಕ್ಷ್ಯ.

ಅವನು ಕೆನೆಯ ಕಡೆ ನೋಡಿದ. ಅಮ್ಮನ ಕಡೆ ನೋಡಿದ. ಅಮ್ಮ ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡು ಬೇರೆ ಎತ್ತಲೋ ನೋಡುತ್ತಿದ್ದರು.

ನಿರ್ದೇಶಕ: ಸರಿ, ಆಯ್ತು. ಹಾಗಾದ್ರೆ ಗಡ್ಡ ಕೆರ್ಕೊಂಡು, ಆ ನೀಲಿ ಶರ್ಟಿಗೆ ಇಸ್ತ್ರಿ ಹಾಕಿಸ್ಕೊಂಡು ಬರ್ತೀನಿ. ಇಸ್ತ್ರಿ ನೀನು ಹಾಕ್ಕೊಡ್ತೀಯಲ್ಲ?

ಸಂಯೋಜಕಿ: ಏನೂ ಬೇಡ, ಹೇಗಿದೀರೋ ಹಾಗೇ ಬನ್ನಿ. ಸಾಕ್ಷ್ಯಾನ ತಿಕ್ಕಬಾರದು.