ಪ್ಲಮ್ ಮರದ ಜಾಗದಲ್ಲಿ ಫ್ರಿಜ್

ಪ್ಲಮ್ ಮರ ಇರಬೇಕಾದ ಜಾಗದಲ್ಲಿ ಯಾರಾದರೂ ಫ್ರಿಜ್ ಇಡುತ್ತಾರೆಯೇ? ನೀವೇ ಹೇಳಿ.

ನಾನು ಮೂವತ್ತೈದು ವರ್ಷ ಬುಡಾಪೆಸ್ಟಿನ ಪಿಯಾನೋಗಳ ಶ್ರುತಿ ಸರಿಮಾಡಿದವನು. (ನನ್ನನ್ನು ಸರಿಮಾಡುವ ಕೆಲಸ ಹೆಂಡತಿ ಪಿರೋಷ್ಕಾಳದ್ದು, ಅದು ಇನ್ನೂ ಮುಗಿದಿಲ್ಲ.) ಸಹನೆ ನನ್ನ ಹುಟ್ಟುಗುಣ. ಆದರೂ ಹೋದ ಭಾನುವಾರ ಮಧ್ಯಾಹ್ನ ‘ದ್ರಾಕ್ಷಿತೋಟದ ಕೌಂಟೆಸ್’ ಆಪರೆಟ್ಟಾ ನೋಡಿದಾಗಿನಿಂದ ನನ್ನ ರಕ್ತ ಕುದಿಯುತ್ತಿದೆ.

ಅದು ನಮ್ಮಜ್ಜಂದಿರ ಕಾಲದಿಂದ ಊರನ್ನು ನಗಿಸಿದ, ಹಾಡಿಸಿದ ನಾಟಕ. ನಲವತ್ತೊಂದು ವರ್ಷಗಳ ಹಿಂದೆ, ಅದರ ಎರಡನೆಯ ಅಂಕದಲ್ಲಿ, ಕುದುರೆ ದಂಡಿನ ಲೆಫ್ಟಿನೆಂಟ್ ಪ್ಲಮ್ ಮರದ ಕೆಳಗೆ ನಿಂತು ಕೌಂಟೆಸ್‌ಗೆ ಹಾಡುತ್ತಿದ್ದಾಗ, ಪಕ್ಕದಲ್ಲಿದ್ದ ಪಿರೋಷ್ಕಾ ನನ್ನ ಕೈ ಹಿಡಿದು ಬಲವಾಗಿ ಅದುಮಿದಳು. ಆ ಒಂದೇ ಸಾಕ್ಷ್ಯದ ಬಲದ ಮೇಲೆ ನಾನು ಅದೇ ವಾರ ಮದುವೆಯ ಮಾತೆತ್ತಿದೆ. (ಆಮೇಲೆ ಅವಳು ಅಷ್ಟು ಬಲವಾಗಿ ಅದುಮಿದ್ದು ನಿಂಬೆಹಣ್ಣನ್ನು ಮಾತ್ರ.) ಹೋದ ಭಾನುವಾರ ನಮ್ಮ ಮದುವೆಗೆ ನಲವತ್ತು ವರ್ಷ ತುಂಬಿತು. ಆ ದಿನ ನನಗೆ ಬೇಕಾಗಿದ್ದು ಇಷ್ಟೇ: ಅದೇ ಹಾಡು, ಅದೇ ಕೈ, ಇನ್ನೊಮ್ಮೆ ಅದೇ ಬಿಗಿ.

ಪರದೆ ಏಳಲೇ ಇಲ್ಲ. ನಾವು ಹೋಗುವ ಮೊದಲೇ ಎದ್ದುಬಿಟ್ಟಿತ್ತು. ಕೌಂಟೆಸ್ ಈಗ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯ ಒಡತಿ. ದಂಡಿನ ವೀರರು ವ್ಯಾಕ್ಯೂಮ್ ಕ್ಲೀನರ್ ಏರಿ ಬಂದರು.

“ಕುದುರೆ ಎಲ್ಲೇ?” ಎಂದೆ ಪಿರೋಷ್ಕಾಳಿಗೆ.

“ಆಗ್ಲೂ ಕುದುರೆ ಇರ್ಲಿಲ್ಲ, ಮುದುಕಪ್ಪಾ.”

“ಇರ್ಲಿಲ್ಲ. ಆದ್ರೆ ಹೊರಗಡೆ ಕಟ್ಟಿ ಬಂದಿದಾರೆ ಅಂತ ಅನ್ನಿಸ್ತಿತ್ತು!”

ಮುಂದಿನ ಸಾಲಿನ ಮುತ್ತಿನ ಹಾರವೊಂದು ತಿರುಗಿ “ಶ್!” ಎಂದಿತು.

ವಿರಾಮದಲ್ಲಿ, ಮೊಟ್ಟೆಯ ಸ್ಯಾಂಡ್‌ವಿಚ್ ಹಿಡಿದುಕೊಂಡೇ ನಾನು ಬಂಡಾಯ ಘೋಷಿಸಿದೆ. “ನಡಿ, ಮನೆಗೆ ಹೋಗೋಣ.”

“ನನ್ನ ಮಂಡಿ ಆಪರೇಷನ್ ಆದ್ಮೇಲೆ ಇವತ್ತೇ ಮೊದಲು ಹೊರಗೆ ಬಂದಿರೋದು. ಬೇಕಾದ್ರೆ ನೀನು ಹೋಗು, ಓಡೋನ್. ಬಾಗಿಲಲ್ಲಿ ಬಿಚ್ಚಿಕೊಟ್ಟ ಕೋಟಿನ ಚೀಟಿ ಮಾತ್ರ ನನ್ನ ಹತ್ರ ಇದೆ.”

ಹೊರಗೆ ಜನವರಿ ತಿಂಗಳ ಹಿಮ. ನಾನು ಸ್ಯಾಂಡ್‌ವಿಚ್ ಮುಗಿಸಿ ಒಳಗೆ ಹೋದೆ.

ಎರಡನೆಯ ಅಂಕ. ಪ್ಲಮ್ ಮರವಿಲ್ಲ; ಅಲ್ಲಿ ಆಳೆತ್ತರದ ಬಿಳಿ ಫ್ರಿಜ್. ಬಾಗಿಲು ತೆರೆಯಿತು. ಒಳಗೆ, ನೇತುಹಾಕಿದ ಸಾಸೇಜುಗಳ ನಡುವೆ ಲೆಫ್ಟಿನೆಂಟ್! ಪಿಟೀಲಿಲ್ಲ, ಬೆಳದಿಂಗಳಿಲ್ಲ. ಮೊಬೈಲಿಗೆ ಬಾಯಿಟ್ಟು, ಮೆಲ್ಲಗೆ, ನಮ್ಮ ಹಾಡು ಹಾಡತೊಡಗಿದ. ನಾನು ಕುರ್ಚಿಯ ಕೈಯ ಮೇಲೆ ಅಂಗೈ ಬಿಚ್ಚಿಟ್ಟು ಕಾದೆ. ಹಾಡು ಮುಗಿಯಿತು. ಅಂಗೈ ಖಾಲಿಯಾಗಿಯೇ ಉಳಿಯಿತು. ಪಿರೋಷ್ಕಾ ಫ್ರಿಜ್ಜನ್ನೇ ನೋಡುತ್ತಿದ್ದಳು.

ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಹಾಡು ಮನಸ್ಸಿಗೆ ಹಿಡಿಸಿದರೆ ಚದುರಿದ ಚಪ್ಪಾಳೆಗಳೆಲ್ಲ ಸೇರಿ ಒಂದೇ ತಾಳಕ್ಕೆ ಬೀಳುತ್ತವೆ. ಬಿದ್ದರೆ ಹಾಡುಗಾರ ಮತ್ತೆ ಹಾಡಲೇಬೇಕು. ಹುಟ್ಟಿದಾಗಿನಿಂದ ನನಗೆ ಗೊತ್ತಿರುವ ವಿಷಯ. ಆದರೆ ಸಿಟ್ಟಿಗೆ ನೆನಪು ಎಲ್ಲಿಯದು? ಅಣಕಿಸಬೇಕೆಂದು ನಾನು ನಿಧಾನವಾಗಿ, ಜೋರಾಗಿ, ಕಂಬಳಿಯ ಧೂಳು ಕೊಡವುವಂತೆ ಹೊಡೆದೆ: ಟಪ್. ಟಪ್. ಟಪ್.

ಮುಂದಿನ ಮುತ್ತಿನ ಹಾರ ಸೇರಿಕೊಂಡಿತು. ಬಾಲ್ಕನಿ ಸೇರಿಕೊಂಡಿತು. ಇಡೀ ರಂಗಮಂದಿರ ನನ್ನ ತಾಳಕ್ಕೆ ಟಪ್ ಟಪ್ ಎಂದಿತು. ಲೆಫ್ಟಿನೆಂಟ್ ಕಣ್ಣೊರೆಸಿಕೊಂಡು ಮತ್ತೆ ಫ್ರಿಜ್ ಹೊಕ್ಕ.

ಎರಡನೆಯ ಸಲ ಮುಗಿದಾಗ ನನಗೆ ತಡೆಯಲಾಗಲಿಲ್ಲ. “ಸಾಕು!” ಎಂದು ಕಾಲು ಅಪ್ಪಳಿಸಿದೆ. ಜನರ ಕಾಲುಗಳೂ ಜೊತೆಗೂಡಿದವು. ಆ ಗದ್ದಲದಲ್ಲಿ ನನ್ನ ‘ಸಾಕು’ ಯಾರಿಗೆ ಕೇಳಬೇಕು? ಮೂರನೆಯ ಸಲವೂ ಹಾಡಿದ. ಕೊನೆಗೆ ನನ್ನತ್ತ ಕೈತೋರಿ, ಎದೆ ಮುಟ್ಟಿಕೊಂಡು, ಸೊಂಟ ಬಗ್ಗಿಸಿ ವಂದಿಸಿದ.

ಕೋಟು ಕೊಡುವ ಹೆಂಗಸು ನನ್ನನ್ನು ಗುರುತಿಸಿದಳು. “ನಿಮ್ಮಂಥ ರಸಿಕರು ಇರೋದ್ರಿಂದ್ಲೇ ಸ್ವಾಮೀ, ಹೊಸ ನಾಟಕಗಳು ಉಳ್ಕೊಂಡಿರೋದು!”

ಟ್ರಾಮಿನಲ್ಲಿ ಕೂತ ಮೇಲೆ ನಾನು ಪಿರೋಷ್ಕಾಳತ್ತ ತಿರುಗಿದೆ. “ಕ್ಷಮಿಸು, ನನ್ನ ನಕ್ಷತ್ರವೇ. ನಮ್ಮ ಹಾಡನ್ನ ಹಾಳ್ಮಾಡ್ಬಿಟ್ರು. ನೀನು ಕೈ ಸಹ ಅದುಮ್ಲಿಲ್ಲ.”

“ಹಾಳಾ? ಆ ಹಾಡನ್ನ ನಾನು ಪೂರ್ತಿ ಕೇಳಿದ್ದೇ ಇವತ್ತು. ಅದೂ ಮೂರು ಸಲ! ಎಷ್ಟು ಚೆನ್ನಾಗಿದೆ.”

“ಹಂಗಾದ್ರೆ ಆವತ್ತು?”

“ಆವತ್ತು ಎಲ್ಲಿ ಕೇಳೋಕೆ ಬಿಟ್ಟೆ ನೀನು? ಅದಕ್ಕೂ ಹಳೇ ಪ್ರದರ್ಶನದಲ್ಲಿ ಪ್ಲಮ್ ಮರ ಇನ್ನೂ ದೊಡ್ಡದಿತ್ತು, ಲೆಫ್ಟಿನೆಂಟ್ ಮೀಸೆ ಅಂಟಿಸಿದ್ದಾಗಿರ್ಲಿಲ್ಲ ಅಂತ ಕಿವಿಯಲ್ಲಿ ಗೊಣಗ್ತಾನೇ ಇದ್ದೆ. ಒಂದ್ನಿಮಿಷ ಬಾಯಿ ಮುಚ್ಚಲಿ ಅಂತ ಕೈ ಅದುಮ್ದೆ.”

ಟ್ರಾಮ್ ಡ್ಯಾನ್ಯೂಬ್ ನದಿಯ ಸೇತುವೆ ಏರಿತು. ಕೆಳಗೆ ತೆಳ್ಳನೆಯ ಮಂಜುಗಡ್ಡೆಯ ಹಲಗೆಗಳು ಸದ್ದಿಲ್ಲದೆ ತೇಲಿಹೋಗುತ್ತಿದ್ದವು. ನನ್ನ ದಾಂಪತ್ಯದ ಅಡಿಗಲ್ಲೂ ಅವುಗಳ ಹಿಂದೆ ಹೊರಟಿತು.

“ಮತ್ತೆ ನನ್ನನ್ನ ಒಪ್ಪಿದ್ದು ಯಾಕೆ?”

“ಅದುಮಿದ ತಕ್ಷಣ ಸುಮ್ಮನಾದ್ಯಲ್ಲ. ಪರವಾಗಿಲ್ಲ, ತಿದ್ದಬಹುದಾದ ಗಂಡಸು ಅನ್ನಿಸ್ತು.”

“ಆದ್ರೂ ಪಿರೋಷ್ಕಾ, ಆ ಫ್ರಿಜ್ಜು—”

ಚಪ್ಪಾಳೆ ಹೊಡೆದು ಹೊಡೆದು ಊದಿಕೊಂಡಿದ್ದ ನನ್ನ ಕೈಯನ್ನು ಅವಳು ಹಿಡಿದು, ನಲವತ್ತೊಂದು ವರ್ಷಗಳ ಹಿಂದಿನಷ್ಟೇ ಬಲವಾಗಿ ಅದುಮಿದಳು.

ನಮ್ಮ ನಿಲ್ದಾಣ ಬರುವವರೆಗೂ ನಾನು ಬಾಯಿ ತೆರೆಯಲಿಲ್ಲ.