ಒತ್ತಿಹೋದ ನರಕ್ಕೆ ಎರಡು ದಾರಿ

ಕತ್ತಿನಲ್ಲಿ ಒತ್ತಿಹೋದ ನರವನ್ನು ಮುಂದಿನಿಂದ ಕೊಯ್ದೂ ಬಿಡಿಸಬಹುದು, ಹಿಂದಿನಿಂದ ಕೊಯ್ದೂ ಬಿಡಿಸಬಹುದು. ಆದ್ದರಿಂದ ಬಿಡಿಸುವ ಮೊದಲು ಎರಡನ್ನೂ ಹೋಲಿಸಿ ನೋಡಬೇಕೆಂದು ರಾಯದುರ್ಗದಲ್ಲಿ ಕತ್ತುನರ ತುಲನಾ ಸಮಿತಿ ರಚನೆಯಾಯಿತು. ಮುಂದಿನ ಪಕ್ಷಕ್ಕೆ ಡಾಕ್ಟರ್ ಸಿದ್ದರಾಮೇಶ್, ಹಿಂದಿನ ಪಕ್ಷಕ್ಕೆ ಡಾಕ್ಟರ್ ಎರ್ರಿಸ್ವಾಮಿ, ಅಧ್ಯಕ್ಷತೆಗೆ ಸರ್ವಮಂಗಳಮ್ಮನವರು. ಕತ್ತಿಗೆ ಎಡಬಲವೂ ಉಂಟೆಂದು ಯಾರೂ ನೆನಪಿಸದೆ ಇದ್ದದ್ದು ಪುಣ್ಯ. ಇಲ್ಲದಿದ್ದರೆ ಇನ್ನೆರಡು ಕುರ್ಚಿ ಬೇಕಾಗುತ್ತಿತ್ತು.

ಮೊದಲ ರೋಗಿ ಜೀನ್ಸ್ ಹೊಲಿಯುವ ಓಬುಲೇಶ್. ಹದಿನೈದು ವರ್ಷ ಮಿಷನ್ ಮುಂದೆ ಕತ್ತು ಬಗ್ಗಿಸಿ ಕೂತವನು. ಈಗ ಬಲಗೈ ಮೇಲೇಳುತ್ತಿರಲಿಲ್ಲ, ಹಿಡಿದ ಕತ್ತರಿ ಜಾರುತ್ತಿತ್ತು. ಕೈಯೇ ಹೋದರೆ ಕಸುಬೂ ಹೋಯಿತಲ್ಲ ಎಂದು ಅವನಿಗೆ ಭಯ. ತಡವಾದರೆ ಬಲ ಮರಳುವುದಿಲ್ಲ ಎಂಬ ವಿಷಯದಲ್ಲಿ ಇಬ್ಬರು ಡಾಕ್ಟರರೂ ಒಮ್ಮತಕ್ಕೆ ಬಂದು, ಐದು ತಿಂಗಳು ಚರ್ಚಿಸಿದರು.

"ಮುಂದಿನಿಂದ ಹೋದರೆ ಅನ್ನನಾಳ ಸರಿಸಬೇಕು" ಎಂದರು ಎರ್ರಿಸ್ವಾಮಿ.

"ಹಿಂದಿನಿಂದ ಹೋದರೆ ಸ್ನಾಯು ಸೀಳಬೇಕು" ಎಂದರು ಸಿದ್ದರಾಮೇಶ್.

ಎರಡನ್ನೂ ನಡಾವಳಿಯಲ್ಲಿ ಬರೆದು ಟೀ ತರಿಸಲಾಯಿತು.

ಆರನೆಯ ತಿಂಗಳು ಮುಂದಿನ ದಾರಿ ಗೆದ್ದಿತು. ಉಳಿದದ್ದು ರೋಗಿಯ ಒಪ್ಪಿಗೆ. ನಿಯಮ ಹದಿನಾಲ್ಕು ಹೀಗಿದೆ: "ಒಪ್ಪುವವರು ಸಭೆಯ ಸಮಕ್ಷಮ ಬಲಗೈಯನ್ನು ಕಿವಿಗಿಂತ ಮೇಲಕ್ಕೆ ಎತ್ತತಕ್ಕದ್ದು. ಎತ್ತದವರು ನಿರಾಕರಿಸಿದರೆಂದು ಭಾವಿಸತಕ್ಕದ್ದು. ಎತ್ತಿದವರಿಗೆ ತಪ್ಪದೆ ಶಸ್ತ್ರಚಿಕಿತ್ಸೆ ಮಾಡತಕ್ಕದ್ದು."

"ಕೈ ಎತ್ತಪಾ" ಎಂದರು ಸರ್ವಮಂಗಳಮ್ಮ.

"ಎತ್ತಾಕ ಬರಂಗಿಲ್ರಿ. ಅದಕ್ಕ ಬಂದೀನ್ರಿ" ಎಂದ ಓಬುಲೇಶ್.

"ರೋಗಿ ಒಪ್ಪಲಿಲ್ಲ ಅಂತ ಬರ್ಕೊಳ್ರಿ."

ಅವನ ಹೆಂಡತಿ ಪಾಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಯಾಕ ಒಪ್ಪಂಗಿಲ್ರಿ? ಅವನ ಬದಲಿ ನಾನು ಎತ್ತೀನಿ, ಬರ್ಕೊಳ್ರಿ!" ಎಂದು ಬಲಗೈ ಎತ್ತಿಯೇ ಬಿಟ್ಟಳು. ಅಳೆದು ನೋಡಿದರು. ಕಿವಿಗಿಂತ ಒಂದು ಗೇಣು ಮೇಲಿತ್ತು. ಅವಳ ಹೆಸರು ಬರೆದುಕೊಂಡರು.

"ನನ್ನ ಕತ್ತು ಚಲೋ ಐತ್ರಿ!" ಎಂದು ಅವಳು ಕೂಗಿಕೊಂಡಳು.

"ಹಂಗಾದ್ರ ಫಲಿತಾಂಶಾನೂ ಚಲೋ ಬರ್ತದಮ್ಮ" ಎಂದು ಸಿದ್ದರಾಮೇಶ್ ಧೈರ್ಯ ಹೇಳಿದರು.

ಶುಕ್ರವಾರ ಶಸ್ತ್ರಚಿಕಿತ್ಸೆ ಆಯಿತು. ನಾಲ್ಕನೆಯ ದಿನ ಪಾಲಮ್ಮ ಬಲಗೈಯನ್ನು ಸಲೀಸಾಗಿ ಎತ್ತಿ ತೋರಿಸಿದಳು. ಶೇಕಡಾ ನೂರು ಯಶಸ್ಸು ಎಂದು ಸಮಿತಿ ಪ್ರಕಟಿಸಿತು. ಎರ್ರಿಸ್ವಾಮಿಯವರು ದೊಡ್ಡ ಮನಸ್ಸು ಮಾಡಿ, ಇಷ್ಟು ಒಳ್ಳೆಯ ಗುಣ ತಮ್ಮ ದಾರಿಯಲ್ಲಿ ಸಿಗುತ್ತಿರಲಿಲ್ಲ ಎಂದು ಒಪ್ಪಿಕೊಂಡರು.

ಪಕ್ಕದ ಮನೆಯ ದೊಡ್ಡಬೀರಪ್ಪ ನೋಡಲು ಬಂದಾಗ ಓಬುಲೇಶ್ ಎಡಗೈಯಲ್ಲಿ ಹೆಂಡತಿಗೆ ಗಂಜಿ ಕುಡಿಸುತ್ತಿದ್ದ.

"ನಿನ್ನ ಕೈ ಏನಾತೋ?"

"ನನ್ನ ಬದಲಿ ಇನ್ನೊಬ್ರು ಕೈ ಎತ್ತಬೇಕಂತಣ್ಣ. ಸೋಮವಾರ ಸಭೆಗೆ ಬರ್ತೀಯೇನು?"

ಇಷ್ಟು ವರ್ಷದ ನೆರೆಹೊರೆ, ಇಲ್ಲವೆನ್ನಲು ಬಾಯಿ ಬರಲಿಲ್ಲ. ದೊಡ್ಡಬೀರಪ್ಪ ತನ್ನ ಕತ್ತು ಸವರಿಕೊಂಡು ಕೇಳಿದ:

"ಬರ್ತೀನಿ, ಅದಕ್ಕೇನು. ಮುಂದಿಂದ ಚಲೋನೋ, ಹಿಂದಿಂದ ಚಲೋನೋ?"